ಮೂರು ಟಿವಿ, ಒಂದು ಡಿಶ್, ಒಬ್ಬಳು ಮಿಸ್ತ್ರಿ

“ಬಂತು!”

“ಬಿಗಿ ಮಾಡ್ಲೇನ್ರಿ?”

“ತಡಿ ತಡಿ... ಹೋತು!”

ಎರಡು ತಿಂಗಳ ಹಿಂದೆ ಒಂದು ಭಾನುವಾರ ಬೆಳಗ್ಗೆ ಗಾರಖೇಡಾದ ನಮ್ಮ ಗಲ್ಲಿಯಲ್ಲಿ ಹಾಲು ತರಲು ಹೊರಟವರೆಲ್ಲ ನಮ್ಮ ಮನೆ ಎದುರು ನಿಂತು ಮೇಲೆ ನೋಡುತ್ತಿದ್ದರು. ಛತ್ರಪತಿ ಸಂಭಾಜಿನಗರದ ಮರಾಠಿ ಓಣಿಯಲ್ಲಿ ಅಷ್ಟು ಜೋರಾಗಿ ಕನ್ನಡ ಕೇಳಿಸಿದ್ದು ಅದೇ ಮೊದಲಿರಬೇಕು. ಆದರೆ ಅವರು ನಿಂತದ್ದು ಭಾಷೆಗಲ್ಲ. ತಾರಸಿಯ ಮೇಲಿನ ಮೆಟ್ಟಿಲ ಕೋಣೆ, ಅದರ ನೆತ್ತಿಯ ಮೇಲೊಂದು ಕಬ್ಬಿಣದ ಕಂಬ. ಸೀರೆಯ ಮೇಲೆ ಗಂಡಸರ ಫುಲ್‌ಶರ್ಟ್ ತೊಟ್ಟ ಹೆಣ್ಣುಮಗಳೊಬ್ಬಳು ಆ ಕಂಬವನ್ನು ಒಂದು ಕೈಯಲ್ಲಿ ತಬ್ಬಿಕೊಂಡು ಇನ್ನೊಂದು ಕೈಯಲ್ಲಿ ಡಿಶ್ ತಿರುಗಿಸುತ್ತಿದ್ದಳು. ಕೆಳಗೆ ಟಿವಿ ನೋಡುತ್ತ, ಕಿಟಕಿಯಿಂದ ತಲೆ ಹೊರಹಾಕಿ ‘ಬಂತು, ಹೋತು’ ಎಂದು ಕೂಗುತ್ತಿದ್ದವನು ಅವಳ ಗಂಡ.

ಪಕ್ಕದ ಮನೆಯ ರಿಟೈರ್ಡ್ ಯಜಮಾನರು ಗೇಟು ತೆರೆದು ಬಂದು ಅವನನ್ನು ಕೇಳಿದರು. “ಕಾಯ್ ಮಿಸ್ತ್ರಿ, ಅಜೂನ್ ಕಿತೀ ವೇಳ್?” ಇನ್ನೂ ಎಷ್ಟು ಹೊತ್ತು ಅಂತ.

ಅವನು ತನಗೆ ಬಂದ ಮರಾಠಿಯಲ್ಲಿ “ಮಿಸ್ತ್ರಿ ವರ್ತೀ ಆಹೇ ಸಾಹೇಬ್” ಎಂದು ಮೇಲಕ್ಕೆ ಬೆರಳು ತೋರಿಸಿದ. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಮಿಸ್ತ್ರಿ ಅಕಿ ಅದಾಳ್ರಿ. ನಾ ಬರೇ ಒದರಾಂವ” ಎಂದ.

ಇದೆಲ್ಲ ಶುರುವಾದದ್ದು ನಮ್ಮ ಅಪ್ಪನಿಂದ.

ನಮ್ಮದು ಬ್ಯಾಂಕಿನ ಸಂಸಾರ. ಅಂದರೆ ಎಲ್ಲಿಗೆ ಹಾಕುತ್ತಾರೋ ಅಲ್ಲಿ ಒಲೆ. ನಾನು ಶೇಂದ್ರಾ ಕಡೆಯ ಒಂದು ಬ್ರಾಂಚಿನಲ್ಲಿ, ಪತಿರಾಯರು ನಾಸಿಕ್‌ನಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ. ಶನಿವಾರ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುವ ಗಂಡ. (ಇದರಲ್ಲಿ ಅನುಕೂಲವೂ ಇದೆ. ಅದನ್ನು ಇಲ್ಲಿ ಬರೆದರೆ ಅವರೂ ಓದುತ್ತಾರೆ.) ಗದಗಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿ ನಿವೃತ್ತರಾದ ಅಪ್ಪ ಎರಡು ವರ್ಷದಿಂದ ನಮ್ಮ ಜೊತೆ ಇದ್ದಾರೆ. ಮೊಮ್ಮಗಳಿಗೆ ಕನ್ನಡ ತಿಳಿಯುತ್ತದೆ, ಆದರೆ ಬಾಯಿಗೆ ಬರುವುದು ಮರಾಠಿ. ಅಪ್ಪ “ಊಟ ಆತೇನವಾ?” ಅಂದರೆ ಅವಳು “ಹೋ, ಝಾಲಂ” ಅನ್ನುತ್ತಾಳೆ, ಹೂಂ ಆಯಿತು ಅಂತ. ಅವರಿಬ್ಬರ ನಡುವೆ ಪ್ರೀತಿಗೇನೂ ಕೊರತೆಯಿಲ್ಲ. ಮಾತಿಗೆ ಮಾತ್ರ ಸ್ವಲ್ಪ ಬರಗಾಲ.

ಹಾಗಾಗಿ ನಾನು ಬ್ಯಾಂಕಿನಿಂದ ಮರಳುವ ತನಕ ಅಪ್ಪನ ಕಿವಿಗೆ ಬೀಳುವ ಕನ್ನಡವೆಂದರೆ ಟಿವಿಯದು. ಅದರಲ್ಲೂ ಮಧ್ಯಾಹ್ನ ಒಂದು ಗಂಟೆಯ ಸುದ್ದಿ. ಮೊಬೈಲಿನಲ್ಲಿ ಹಾಕಿಕೊಟ್ಟೆ. “ಅಂಗೈಯಾಗಿನ ಸುದ್ದಿ ಬ್ಯಾಡವಾ, ಕಣ್ಣು ನೋಯ್ತಾವು” ಅಂದರು. ದೊಡ್ಡ ಟಿವಿಗೆ ಇಂಟರ್ನೆಟ್ ಜೋಡಿಸಿದೆ. ಅದು ದಿನಕ್ಕೊಮ್ಮೆ ತನ್ನನ್ನು ತಾನೇ ಅಪ್‌ಡೇಟ್ ಮಾಡಿಕೊಂಡು ಪಾಸ್‌ವರ್ಡ್ ಕೇಳತೊಡಗಿತು. ಅಪ್ಪನಿಗೆ ಬೇಕಾಗಿದ್ದು ಒಂದು ಗುಂಡಿ. ಒತ್ತಿದರೆ ಕನ್ನಡ ಬರಬೇಕು. ಅಷ್ಟು ಕೇಳಿದ್ದು ಹೆಚ್ಚಾಯಿತೇ?

ಮೇಲಿನ ಮಹಡಿಯಲ್ಲಿ ನಮ್ಮ ಮನೆ ಮಾಲೀಕರು, ನಲಿನಿ ಕಾಕು. ಎಪ್ಪತ್ತು ದಾಟಿದ ವಿಧವೆ, ನೇರ ಬೆನ್ನು, ನೇರ ಮಾತು. ಅವರ ಕೇಬಲ್ಲೂ ನಿಂತು ಹೋಗಿತ್ತು. ತಿಂಗಳ ಬಾಡಿಗೆಯಿಲ್ಲದ ಉಚಿತ ಚಾನೆಲ್‌ಗಳ ಡಿಶ್ ಹಾಕಿಸೋಣವೇ ಎಂದು ಕೇಳಿದಾಗ ಒಪ್ಪಿದರು. ಆದರೆ ಒಂದು ಷರತ್ತು. ತಾರಸಿ ಅವರ ಹಪ್ಪಳ, ಸಂಡಿಗೆ, ಗೋಧಿ ಹಾಲಿನ ಕುರಡಈ ಒಣಗುವ ಜಾಗ. ಅಲ್ಲಿ ನಾಲ್ಕಾರು ಕೊಡೆ ಬಿಚ್ಚಿ ನೆರಳು ಮಾಡುವಂತಿಲ್ಲ. “ಏಕಚ್ ಡಿಶ್” ಎಂದು ಒಂದು ಬೆರಳು ಎತ್ತಿದರು. ಇನ್ನೂ ಒಂದು ಮಾತು ಸೇರಿಸಿದರು. ಮೆಟ್ಟಿಲ ಕೋಣೆಯ ಮೇಲೆ ಮೀನಿನ ಮುಳ್ಳಿನ ಹಾಗೆ ನಿಂತಿರುವ ಹಳೆಯ ಆಂಟೆನಾವನ್ನು ಕೀಳಬಾರದು. ಅದು ಅವರ ಯಜಮಾನರು ನಿಲ್ಲಿಸಿದ್ದು.

ಸರಿ. ಕಾಕು ಅವರದು ಒಂದು, ನಮ್ಮ ಹಾಲಿನದು ಒಂದು, ಅಪ್ಪನ ಕೋಣೆಯದು ಒಂದು. ಮೂರು ಟಿವಿ, ಒಂದು ಡಿಶ್. ಮಾಡುವವರು ಯಾರು?

ಮಹಾದೇವಿ ನಮ್ಮ ಬ್ರಾಂಚಿನ ಗ್ರಾಹಕಳು. ಇಂಡಿ ತಾಲೂಕಿನವಳು. ಶೇಂದ್ರಾದಲ್ಲಿ ಏಳುತ್ತಿರುವ ಒಂದು ದೊಡ್ಡ ಕಟ್ಟಡದ ಕೆಲಸಕ್ಕೆ ಗಂಡ ಶರಣಪ್ಪನ ಜೊತೆ ಬಂದವಳು. ಅವನು ಗಾರೆ ಕೆಲಸ, ಅವಳು ಇಟ್ಟಿಗೆ ಹೊರುವ ಕೆಲಸ. ಮೊದಲ ದಿನ ಮರಾಠಿ ಫಾರ್ಮ್ ಹಿಡಿದು ಕೌಂಟರಿಗೆ ಬಂದವಳು ನನ್ನ ಹಿಂದಿ ಕೇಳಿಯೇ “ಅಕ್ಕಾರ, ನೀವು ನಮ್ಮ ಕಡೀಯವರೇನ್ರಿ?” ಅಂದಿದ್ದಳು. (ಇಪ್ಪತ್ತು ವರ್ಷದ ಸರ್ವಿಸು. ನನ್ನ ಹಿಂದಿ ಇನ್ನೂ ಗದಗ ಬಿಟ್ಟು ಹೊರಟಿಲ್ಲ.) ಆಮೇಲೆ ಬಂದಾಗಲೆಲ್ಲ ಎರಡು ಮಾತು. ಹಾಗೊಂದು ದಿನ ಡಿಶ್ಶಿನ ತಲೆನೋವು ಹೇಳಿಕೊಂಡೆ.

“ನಾ ಹಚ್ಚಿ ಕೊಡ್ಲೇನ್ರಿ?”

“ನೀವಾ?”

“ಹೌದ್ರಿ. ನಮ್ಮ ಶೆಡ್ಡಿನಾಗ ಹನ್ನೊಂದು ಮನಿಗೆ ನಾನ ಹಚ್ಚೀನಿ. ಈ ಗ್ವಾಡಿ ಕೊರದು ವಾಯರ್ ಪೈಪ್ ಕುಂಡ್ರಸ್ತಾರಲ್ರಿ, ಅವರ ಕೈಯಾಗ ಸಾಮಾನು ಕೊಡೂಮುಂದ ನೋಡಿ ನೋಡಿ ಕಲ್ತೆ.”

ಆಮೇಲೆ ಇನ್ನೊಂದು ವಿಷಯವನ್ನೂ ಹೇಳಿದಳು. ಸೈಟಿನ ವೈರಿಂಗ್ ಗುತ್ತಿಗೆ ಹಿಡಿದ ಠೇಕೇದಾರರನ್ನು ತನ್ನನ್ನೂ ವೈರಿಂಗ್ ಗ್ಯಾಂಗಿಗೆ ತೆಗೆದುಕೊಳ್ಳಿ ಎಂದು ಕೇಳಿದ್ದಳಂತೆ. ಇಟ್ಟಿಗೆ ಹೊತ್ತು ಹೊತ್ತು ಕತ್ತು ತಿರುಗದಂತಾಗಿತ್ತು. ಅವರು ನಕ್ಕು, ‘ಶೆಡ್ಡಿನ ಕೆಲಸ ಲೆಕ್ಕಕ್ಕಿಲ್ಲ, ಒಂದು ಪಕ್ಕಾ ಮನೆ ಕೆಲಸ ಮಾಡಿ ತೋರಿಸು, ಆ ಮನೆಯವರು ಚೆನ್ನಾಗಿದೆ ಅನ್ನಲಿ, ನೋಡೋಣ’ ಅಂದರಂತೆ.

“ನಿಮ್ಮ ನಂಬರ್ ಕೊಡ್ಲೇನ್ರಿ ಅಕ್ಕಾರ?”

“ಕೊಡ್ರಿ” ಅಂದೆ. ಧಾರಾಳವಾಗಿ. ನಾನು ಮಹಿಳಾ ದಿನಕ್ಕೆ ಪ್ರತಿ ವರ್ಷ ಭಾಷಣ ಮಾಡುವವಳಲ್ಲವೇ?

ಆ ಭಾನುವಾರ ಅವಳು ಕೆಲಸ ಮಾಡಿದ ರೀತಿ ನೋಡಬೇಕಿತ್ತು. ಆಂಟೆನಾದ ಹಳೇ ಕಂಬವೇ ಗಟ್ಟಿಯಾಗಿದೆ, ಅದಕ್ಕೇ ಡಿಶ್ ಬಿಗಿಯುತ್ತೇನೆ, ತಾರಸಿಯಲ್ಲಿ ಒಂದು ಅಂಗುಲ ಜಾಗವೂ ಬೇಡ ಎಂದಳು. ಕಾಕು ಮುಖ ಅರಳಿತು. ಕಂಬ ಸ್ವಲ್ಪ ವಾಲಿತ್ತು. ಶರಣಪ್ಪ ಗೋಡೆ ನೆಟ್ಟಗಿದೆಯೇ ಎಂದು ನೋಡಲು ಬಳಸುವ, ದಾರಕ್ಕೆ ಕಟ್ಟಿದ ಹಿತ್ತಾಳೆ ಗುಂಡನ್ನು ಇಳಿಬಿಟ್ಟು ನೋಡಿ, ಬುಡಕ್ಕೆ ಚಕ್ಕೆ ಬಡಿದು ಕಂಬ ನೆಟ್ಟಗೆ ಮಾಡಿಸಿದಳು. ಡಿಶ್ಶಿನ ಮುಂದೆ ಕೊಕ್ಕಿನ ಹಾಗೆ ಚಾಚಿಕೊಂಡ ಡಬ್ಬಿಯಿಂದ ಒಂದು ವೈರು ಇಳಿಸಿ, ಅದನ್ನು ಸ್ಪ್ಲಿಟರ್ ಎಂಬ ಸಣ್ಣ ಬಿಲ್ಲೆಯಲ್ಲಿ ಮೂರು ಕವಲು ಮಾಡಿ ಮೂರು ಟಿವಿಯ ಬಾಕ್ಸಿಗೆ ಕೊಟ್ಟಳು. ಪ್ರತಿ ಜೋಡಣೆಗೂ ಕೆಂಪು ಟೇಪು, ಮಲ್ಲಿಗೆ ಮಾಲೆ ಕಟ್ಟಿದ ಹಾಗೆ ಒತ್ತೊತ್ತಾಗಿ.

“ಒದರೂದ್ಯಾಕ್ರಿ, ಫೋನ್ ಮಾಡಬಹುದಲ್ಲ?” ಎಂದು ಕೇಳಿದೆ.

“ಫೋನ್ ಹಿಡದ್ರ ಒಂದ್ ಕೈ ಹೋಗ್ತದಲ್ರಿ” ಅಂದಳು.

ಕಾಕು ಮೆಟ್ಟಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತು ನೋಡುತ್ತಿದ್ದರು. ಅವರ ಯಜಮಾನರು ಆಂಟೆನಾ ತಿರುಗಿಸುವಾಗ ಕೆಳಗೆ ಅಂಗಳದಲ್ಲಿ ನಿಂತು ‘ಆಲಂ, ಗೇಲಂ’, ಬಂತು, ಹೋಯಿತು ಎಂದು ಕೂಗುತ್ತಿದ್ದವರು ಅವರೇ ಅಂತೆ. “ಮಲಾ ಕಧೀ ವರ್ ಚಢೂ ದಿಲಂ ನಾಹೀ” ಅಂದರು. ನನ್ನನ್ನು ಒಂದು ದಿನವೂ ಮೇಲೆ ಹತ್ತಲು ಬಿಡಲಿಲ್ಲ. ಅದು ದೂರೋ ನೆನಪೋ ಗೊತ್ತಾಗಲಿಲ್ಲ.

ಹನ್ನೊಂದಕ್ಕೆ ಮೂರೂ ಟಿವಿಯಲ್ಲಿ ಚಿತ್ರ ಬಂತು. ಅಪ್ಪ ಕನ್ನಡದ ಅಡುಗೆ ಕಾರ್ಯಕ್ರಮವೊಂದನ್ನು, ಬಾಳೆದಿಂಡಿನ ಪಲ್ಯ ಮಾಡುವುದನ್ನು, ಪರೀಕ್ಷೆಗೆ ಓದುವವರ ಹಾಗೆ ನೋಡಿದರು. ನಾನು ಎಲ್ಲರಿಗೂ ಉಪ್ಪಿಟ್ಟು ಬಡಿಸಿದೆ. ಫೋಟೊ ತೆಗೆದು, ಆ ಗಲಾಟೆಯಲ್ಲೂ ಮಲಗಿದ್ದು ತಡವಾಗಿ ಎದ್ದ ಗಂಡನಿಗೆ ತೋರಿಸಿದೆ. ಒಟ್ಟಿನಲ್ಲಿ ಸುಖಾಂತ.

ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ ಅಪ್ಪನ ಟಿವಿ ಕಪ್ಪಾಯಿತು.

ಸಿಗ್ನಲ್ ಇಲ್ಲ ಎಂಬ ಒಂದು ಸಾಲು ಮಾತ್ರ. ಮೂರು ಗಂಟೆಗೆ ತಾನೇ ಬಂತು. ಸಂಜೆ ಏಳಕ್ಕೆ ಮತ್ತೆ ಹೋಯಿತು. ಹಾಲಿನ ಟಿವಿಯದೂ ಅದೇ ಪಾಡು. ಮೇಲೆ ಹೋಗಿ ಕಾಕು ಅವರನ್ನು ಕೇಳಿದೆ. “ಮಾಝ್ಯಾಕಡೇ ಛಾನ್ ದಿಸ್ತಂ” ಅಂದರು. ಅವರದು ಚೆನ್ನಾಗಿಯೇ ಕಾಣುತ್ತಿದೆಯಂತೆ. ಒಮ್ಮೆಯೂ ಹೋಗಿಲ್ಲವಂತೆ.

ಈಗ ನಾನು ಏನು ಮಾಡಬೇಕಿತ್ತು? ಮಹಾದೇವಿಗೆ ಒಂದು ಫೋನ್. ನಂಬರು ನನ್ನ ಬಳಿ ಇತ್ತು. ಅವಳು ಬರುವವಳೂ ಆಗಿದ್ದಳು. ಆದರೆ ನಾನು ನಾಸಿಕ್‌ಗೆ ಫೋನ್ ಮಾಡಿದೆ. ಗಂಡ “ಮೊದಲ ಹೇಳಿದ್ದೆ. ಪ್ರೊಫೆಶನಲ್‌ನ ಕರಿ” ಅಂದರು. (ಮೊದಲು ಹೇಳಿರಲಿಲ್ಲ.) ನಾನೂ ಸರಿ ಅಂದೆ. ಪಾಪ, ಸೈಟಿನಲ್ಲಿ ಇಟ್ಟಿಗೆ ಹೊರುವವಳು, ಎಷ್ಟು ಗೊತ್ತಿರಲು ಸಾಧ್ಯ ಎಂದು ನನ್ನೊಳಗೇ ಒಂದು ದನಿ ಹೇಳಿತು. ಆ ದನಿ ನನ್ನದೇ. ಬೇರೆಯವರ ಮೇಲೆ ಹಾಕಲಾರೆ.

ಮಾರ್ಕೆಟ್ಟಿನ ಅಂಗಡಿಯೊಂದರ ಮೆಕ್ಯಾನಿಕ್ ಬಂದ. ಹೆಗಲಿಗೆ ಬ್ಯಾಗು, ಬೆಲ್ಟಿಗೆ ಇಕ್ಕಳ, ಕಿವಿಗೆ ಬ್ಲೂಟೂತ್. ಮೇಲೆ ಹೋಗಿ ನೋಡಿ, “ಬಾಈ ನೇ ಲಗಾಯಾ ನಾ?”, ಹೆಂಗಸು ಹಾಕಿದ್ದಲ್ಲವೇ ಎಂದು ನಕ್ಕ. ಡಿಶ್ ಅಲುಗಾಡಿದೆ ಎಂದು ಏನನ್ನೋ ತಿರುಗಿಸಿದ. ಮರುದಿನ ಒಂದಕ್ಕೆ ಟಿವಿ ಕಪ್ಪು. ಮತ್ತೆ ಕರೆದೆ. ಜೋಡಣೆ ಸರಿಯಿಲ್ಲ ಎಂದು ಕೆಂಪು ಟೇಪು ಕಿತ್ತು ಕಪ್ಪು ಟೇಪು ಸುತ್ತಿದ. ಮರುದಿನ ಒಂದಕ್ಕೆ ಟಿವಿ ಕಪ್ಪು. ಫೋನಿನಲ್ಲಿ, ಬಾಕ್ಸೇ ಕೆಟ್ಟಿದೆ ಹೊಸದು ತನ್ನಿ ಎಂದ. ತಂದೆ. ಅದೂ ಕಪ್ಪು. ಆಮೇಲೆ ಅವನು ಫೋನ್ ಎತ್ತುವುದನ್ನೇ ಬಿಟ್ಟ.

ಆಗ ನಾನು ಅಪ್ಪನಿಗೆ ಏನು ಹೇಳಿದೆ ಗೊತ್ತೇ? “ಪಾಪ, ಬಿಜಿ ಇರಬೇಕು.”

ಈ ನಡುವೆ, ಎರಡನೇ ವಾರದ ಬುಧವಾರ, ಬ್ಯಾಂಕಿನಲ್ಲಿ ಸರ್ವರ್ ಡೌನ್ ಆಗಿ ಕೌಂಟರಿನ ಮುಂದೆ ಜನ ಜಾತ್ರೆಯಾಗಿದ್ದಾಗ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ವೈರಿಂಗ್ ಠೇಕೇದಾರರು. “ಮೇಡಮ್, ವೋ ಮಹಾದೇವಿ ಕೋ ಗ್ಯಾಂಗ್ ಮೇಂ ಲೇನೇ ಕಾ ಸೋಚ್ ರಹಾ ಹೂಂ. ಆಪ್ ಕೇ ಘರ್ ಕಾ ಕಾಮ್ ಠೀಕ್ ಹುವಾ ಕ್ಯಾ?” ಅವಳನ್ನು ಗ್ಯಾಂಗಿಗೆ ತೆಗೆದುಕೊಳ್ಳುವ ಯೋಚನೆಯಂತೆ, ನಮ್ಮ ಮನೆ ಕೆಲಸ ಸರಿಯಾಯಿತೇ ಅಂತ.

“ಹುವಾ... ಲೇಕಿನ್ ಟಿವಿ ಬೀಚ್ ಬೀಚ್ ಮೇಂ ಬಂದ್ ಪಡತಾ ಹೈ” ಅಂದೆ. ಆಯಿತು, ಆದರೆ ಟಿವಿ ನಡುನಡುವೆ ನಿಂತು ಹೋಗುತ್ತದೆ.

“ಅಚ್ಛಾ. ತೋ ರಹನೇ ದೋ”, ಹಾಗಾದರೆ ಬೇಡ ಬಿಡಿ ಎಂದು ಇಟ್ಟುಬಿಟ್ಟರು.

ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅರ್ಧ ನಿಮಿಷದ ಮಾತು. ಊಟದ ಡಬ್ಬಿ ತೆರೆಯುವ ಹೊತ್ತಿಗೆ ಮರೆತೂ ಹೋಯಿತು.

ಮುಂದಿನ ಭಾನುವಾರ ಬೆಳಗ್ಗೆ ಗೇಟು ಸದ್ದಾಯಿತು. ಮಹಾದೇವಿ, ಶರಣಪ್ಪ. ಅವನ ಕೈಯಲ್ಲಿ ಊರಿಂದ ಬಂದ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ.

“ವಾರದಾಗ ಗಾಳಿ ಬಾಳ ಬಿಟ್ಟಿತ್ತಲ್ರಿ. ಡಿಶ್ ಜರಗ್ಯಾದೇನ ನೋಡಿ ಹೋಗೂಣಂತ ಬಂದೆ” ಎಂದು ಮೆಟ್ಟಿಲು ಹತ್ತಿದಳು. ನಾನೂ ಹಿಂದೆ ಹೋದೆ. ತಡೆಯಲು ಏನಾದರೂ ನೆಪ ಹುಡುಕುತ್ತಿದ್ದೆ, ಹೊಳೆಯಲಿಲ್ಲ. ಅಪ್ಪನೂ ಗೋಡೆ ಹಿಡಿದುಕೊಂಡು ನಿಧಾನಕ್ಕೆ ಬಂದರು.

ಅವಳು ಏಣಿ ಹತ್ತಲಿಲ್ಲ. ಸ್ಪ್ಲಿಟರಿನ ಮುಂದೆ ನಿಂತು ಕಪ್ಪು ಟೇಪನ್ನು ಉಗುರಿನಿಂದ ಮುಟ್ಟಿ ನೋಡಿದಳು.

“ಅಕ್ಕಾರ, ಇದು ನನ್ನ ಕೈದಲ್ರಿ. ಮತ್ಯಾರರೆ ಬಂದಿದ್ರೇನ್ರಿ?”

ನಾನು ಬಾಯಿ ತೆರೆಯುವ ಮೊದಲು ಅಪ್ಪನೇ ಹೇಳಿದರು. “ಅಂಗಡಿಯಂವ ಬಂದಿದ್ದ ತಂಗಿ. ಎರಡ ಸಲ.”

ಮಹಾದೇವಿ ತಾರಸಿಯ ಕಟ್ಟೆಯ ಮೇಲೆ ಕೂತಳು. ಸ್ವಲ್ಪ ಹೊತ್ತು ಶರ್ಟಿನ ತೋಳು ಮಡಚುತ್ತ, ಬಿಚ್ಚುತ್ತ ಇದ್ದಳು.

“ಠೇಕೇದಾರ ಸಾಹೇಬ್ರು ನಿಮಗ ಫೋನ್ ಮಾಡಿದ್ರಂತ. ಟಿವಿ ಬಂದ್ ಬೀಳ್ತದ ಅಂದ್ರಿ ಅಂತ. ಖರೇನ ಹೇಳೀರಿ, ತಪ್ಪಲ್ರಿ. ಆದ್ರ ನನಗೂ ಒಂದ್ ಮಾತ ಹೇಳಿದ್ರ ಅವತ್ತ ಬರ್ತಿದ್ದೆಲ್ರಿ ಅಕ್ಕಾರ.”

ಸಿಟ್ಟು ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನೂ ಒಂದೆರಡು ಮಾತು ಆಡಿ ಹಗುರಾಗುತ್ತಿದ್ದೆ. ಶರಣಪ್ಪ ಹಿಂಡಿಯ ಡಬ್ಬಿಯನ್ನು ಎಲ್ಲಿಡಬೇಕು ತಿಳಿಯದೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

“ತಪ್ಪಾತು ಮಹಾದೇವಿ” ಅಂದೆ.

ಆಗ ಅಪ್ಪ ಅಂಗಿಯ ಜೇಬಿನಿಂದ ಮಡಚಿದ ನೋಟ್‌ಬುಕ್ ತೆಗೆದರು. ಅವರು ನಲವತ್ತು ವರ್ಷ ಮಕ್ಕಳಿಗೆ ಸ್ಕೇಲಿಟ್ಟು ಗೆರೆ ಎಳೆಸಿದವರು. ಟಿವಿ ಹೋದಾಗೆಲ್ಲ ಹೋದ ಹೊತ್ತು, ಬಂದ ಹೊತ್ತು, ಎರಡು ಕಾಲಂ ಮಾಡಿ ಬರೆದಿಟ್ಟಿದ್ದರು. ಅಂಗಡಿಯವನಿಗೂ ತೋರಿಸಲು ಹೋಗಿದ್ದರಂತೆ. ಅವನು ‘ಬಾದ್ ಮೇಂ ಬಾಬಾ’ ಎಂದು ಬ್ಲೂಟೂತಿನಲ್ಲಿ ಮಾತಾಡುತ್ತ ಇಳಿದು ಹೋದನಂತೆ. ನನಗೂ ತೋರಿಸಿದ್ದರು. ನಾನೂ ಆಮೇಲೆ ನೋಡುತ್ತೇನೆ ಅಂದಿದ್ದೆ.

ಮಹಾದೇವಿ ಎದ್ದು ಬಂದಳು. “ಓದ್ರಿ ಅಜ್ಜಾರ.”

ಅಪ್ಪ ಓದಿದರು. ಒಂದರಿಂದ ಮೂರು. ಏಳರಿಂದ ಏಳೂವರೆ. ಮರುದಿನ ಒಂದೂ ಐದರಿಂದ ಮೂರೂ ಹತ್ತು. ಏಳರಿಂದ ಏಳೂವರೆ.

“ದಿನಾ ಒಂದಕ್ಕ ಹೋಗ್ತದ? ಐತವಾರನೂ?”

“ಐತವಾರನೂ.”

“ಮ್ಯಾಲಿನ ಅವ್ವಾರು ಒಂದಕ್ಕ ಏನ್ ಮಾಡ್ತಾರ್ರಿ?”

“ಉಂಡು ಮಲಗ್ತಾರ” ಅಂದೆ.

“ಏಳಕ್ಕ?”

“ದೇವರಿಗೆ ಆರತಿ ಮಾಡ್ತಾರ.”

ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. ನನ್ನನ್ನು ನೋಡುತ್ತಿರಲಿಲ್ಲ, ಏನೋ ಲೆಕ್ಕ ಹಾಕುತ್ತಿದ್ದಳು. ಆಮೇಲೆ ದಡದಡನೆ ಇಳಿದು ಕಾಕು ಅವರ ಬಾಗಿಲು ಬಡಿದಳು. ಅಪ್ಪನನ್ನು ಕೆಳಗೆ ಅವರದೇ ಕೋಣೆಯ ಟಿವಿ ಮುಂದೆ ಕೂಡಿಸಲು ಶರಣಪ್ಪನನ್ನು ಕಳಿಸಿದಳು. ಕಾಕುಗೆ ಅರ್ಧ ಮರಾಠಿಯಲ್ಲಿ, ಅರ್ಧ ಕೈಸನ್ನೆಯಲ್ಲಿ ಬಾಕ್ಸಿನ ಸ್ವಿಚ್ ಆರಿಸಲು ಹೇಳಿದಳು. ಕಾಕು ಆರಿಸಿದರು.

ಕೆಳಗಿನಿಂದ ಅಪ್ಪನ ಕೂಗು. “ಹೋತು!”

“ಆತಾ ಚಾಲೂ ಕರಾ ಆಜೀ.” ಈಗ ಹಾಕಿ ಎಂದಳು ಮಹಾದೇವಿ.

“ಬಂತು!”

ಮಹಾದೇವಿ ಹಣೆ ಚಚ್ಚಿಕೊಂಡು ನಕ್ಕಳು. “ಅಯ್ಯ ನನ್ನ ಬುದ್ಧಿಗಿಷ್ಟು! ಅವ್ವಾರು ಮಲಗಿದ್ರ ಡಿಶ್ಶೂ ಮಲಗ್ತದ್ರಿ ಅಕ್ಕಾರ!”

ವಿಷಯ ಇಷ್ಟೇ. ಡಿಶ್ಶಿನ ಮುಂದಿನ ಆ ಡಬ್ಬಿಗೆ ಕರೆಂಟು ಬೇಕು. ಅದು ಟಿವಿಯ ಬಾಕ್ಸಿನಿಂದಲೇ ವೈರಿನ ಮೂಲಕ ಮೇಲೆ ಹೋಗುತ್ತದೆ. ನಮ್ಮ ಸ್ಪ್ಲಿಟರಿನ ಮೂರು ಕವಲಿನಲ್ಲಿ ಒಂದು ಮಾತ್ರ ಕರೆಂಟನ್ನು ಮೇಲಕ್ಕೆ ಬಿಡುವಂಥದ್ದು. ಆ ಕವಲು ಕಾಕು ಅವರ ಪಾಲಿಗೆ ಬಂದಿತ್ತು. ಕಾಕು ಕೋಣೆಯಿಂದ ಎದ್ದರೆ ಫ್ಯಾನು, ಲೈಟು, ಟಿವಿ, ಎಲ್ಲವನ್ನೂ ಗೋಡೆಯ ಸ್ವಿಚ್ಚಿನಲ್ಲೇ ಆರಿಸುವವರು. (“ವೀಜ್ ಫುಕಟ್ ಯೇತೇ ಕಾ?” ಕರೆಂಟು ಬಿಟ್ಟಿ ಬರುತ್ತದೆಯೇ ಎಂದು ನನ್ನ ಮಗಳಿಗೂ ಗದರುತ್ತಾರೆ.) ಅವರು ಆರಿಸಿದೊಡನೆ ಡಿಶ್ಶಿಗೆ ಜೀವ ಹೋಗಿ ಕೆಳಗಿನ ಎರಡೂ ಟಿವಿ ಕಪ್ಪು. ಮೆಕ್ಯಾನಿಕ್ ಬಂದ ಹೊತ್ತಿನಲ್ಲಿ ಅವರು ಎದ್ದಿರುತ್ತಿದ್ದರು. ಅವನು ಸುತ್ತಿದ ಟೇಪು ಕೆಲಸ ಮಾಡಿದಂತೆಯೇ ಕಾಣುತ್ತಿತ್ತು. ಕಾಕು ಅವರಿಗೆ ತೊಂದರೆ ಗೊತ್ತಾಗುವುದಾದರೂ ಹೇಗೆ? ತೊಂದರೆ ಆಗುವುದೇ ಅವರು ನೋಡದಿದ್ದಾಗ.

“ನಂದ ತಪ್ಪದರಿ” ಎಂದಳು ಮಹಾದೇವಿ. “ಶೆಡ್ಡಿನಾಗ ಒಂದ್ ಡಿಶ್ಶಿಗೆ ಒಂದ ಟಿವಿ. ಮೂರು ಹಚ್ಚಿದ್ದು ಇದ ಮೊದಲು. ನಾಕು ಬಾಯಿ ಇರೂ ಡಬ್ಬಿ ಸಿಗ್ತದ, ತರ್ತೀನಿ. ಟಿವಿಗೊಂದು ಬಾಯಿ, ಟಿವಿಗೊಂದು ವಾಯರ್. ಯಾರ್ ಮಲಗಿದ್ರೂ ಯಾರದೂ ಹೋಗೂದಿಲ್ಲ.”

ಅದನ್ನು ತರಲು ಅವಳಿಗೆ ಇನ್ನೊಂದು ರಜೆಯ ದಿನ ಬೇಕಿತ್ತು. ಆ ಒಂದು ವಾರ ನಡೆದದ್ದನ್ನು ಹೇಳದಿದ್ದರೆ ಕಾಕು ಅವರಿಗೆ ಅನ್ಯಾಯವಾಗುತ್ತದೆ. ಖಾಲಿ ಕೋಣೆಯಲ್ಲಿ ಒಂದು ಬಲ್ಬು ಉರಿದರೂ ಸಹಿಸದ ಕಾಕು ಏಳು ದಿನ ತಮ್ಮ ಬಾಕ್ಸಿನ ಸ್ವಿಚ್ ಆರಿಸಲಿಲ್ಲ. ಟಿವಿ ಆರಿಸುವರು, ಬಾಕ್ಸ್ ಮಾತ್ರ ಉರಿಯುತ್ತಿರಲಿ ಎಂದು ಸ್ವಿಚ್ಚಿನ ಮೇಲೆ ಕುಂಕುಮದ ಬೊಟ್ಟಿಟ್ಟು ಗುರುತು ಮಾಡಿಕೊಂಡಿದ್ದರು. “ಆಜೋಬಾಂಚ್ಯಾ ಬಾತಮ್ಯಾ ಅಸತಾತ್ ನಾ” ಅಂದರು. ಅಜ್ಜನ ಸುದ್ದಿ ಇರುತ್ತದಲ್ಲ. ಅಪ್ಪನಿಗೆ ಇದನ್ನು ಹೇಳಿದೆ. ಮರುದಿನ ಅರ್ಧ ಬೌಲ್ ಶೇಂಗಾ ಹಿಂಡಿ ಮೇಲೆ ಹೋಯಿತು.

ಆ ವಾರವೇ ನಾನು ಮಾಡಬೇಕಾದ ಕೆಲಸವೊಂದಿತ್ತು. ಠೇಕೇದಾರರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಗುರುವಾರ ಊಟದ ಬಿಡುವಿನಲ್ಲಿ ಆಟೊ ಹಿಡಿದು ಸೈಟಿಗೇ ಹೋದೆ. ಬ್ಯಾಂಕ್ ಅಧಿಕಾರಿಣಿಯೊಬ್ಬಳು ಹೆಲ್ಮೆಟ್ ಇಲ್ಲದೆ, ಕಾಟನ್ ಸೀರೆಯಲ್ಲಿ, ಸಿಮೆಂಟಿನ ಧೂಳಿನ ನಡುವೆ. ಕಾವಲುಗಾರ ಸಾಲ ವಸೂಲಿಗೆ ಬಂದವಳೆಂದು ತಿಳಿದನೇನೋ, ಬಹಳ ಮರ್ಯಾದೆಯಿಂದ ಒಳಗೆ ಬಿಟ್ಟ.

ಠೇಕೇದಾರರು ಸಿಲ್ಲೋಡ್ ಕಡೆಯ ಮಧ್ಯವಯಸ್ಸಿನ ಮನುಷ್ಯ. ವೈರಿನ ಸುರುಳಿಯ ಮೇಲೆ ಕೂತು ಭಾಕರಿ ತಿನ್ನುತ್ತಿದ್ದರು. ನಾನು ನಡೆದದ್ದೆಲ್ಲ ಹೇಳಿದೆ. ಮೆಕ್ಯಾನಿಕ್‌ನ ಕತೆಯನ್ನೂ ಬಿಡಲಿಲ್ಲ, ನನ್ನ ಕತೆಯನ್ನೂ ಬಿಡಲಿಲ್ಲ.

“ಮೇಡಮ್, ಗಲ್ತೀ ತೋ ಉಸೀ ಕೀ ಥೀ ನಾ?” ತಪ್ಪು ಅವಳದೇ ತಾನೇ?

“ಉಸೀ ಕೀ ಥೀ. ಪಕಡೀ ಭೀ ಉಸೀ ನೇ” ಅಂದೆ. ಹಿಡಿದವಳೂ ಅವಳೇ.

ಅವರು ಭಾಕರಿ ಮುರಿಯುವುದನ್ನು ನಿಲ್ಲಿಸಿದರು. “ಗಲ್ತೀ ಕರ್ನೇ ವಾಲೇ ಮೇರೇ ಪಾಸ್ ಬಹುತ್ ಹೈಂ. ಪಕಡ್ನೇ ವಾಲಾ ನಹೀಂ ಮಿಲ್ತಾ” ಎಂದರು. ತಪ್ಪು ಮಾಡುವವರು ಬೇಕಾದಷ್ಟು ಜನ, ಹಿಡಿಯುವವರು ಸಿಗುವುದಿಲ್ಲ ಅಂತ. ಸೋಮವಾರದಿಂದ ಎರಡನೇ ಮಹಡಿಯಲ್ಲಿ ಹದಿನೈದು ದಿನ ಟ್ರಯಲ್ ನೋಡುತ್ತೇನೆ ಅಂದರು. ಹೊರಡುವಾಗ ದೂರದಲ್ಲಿ ಮಹಾದೇವಿ ತಲೆಯ ಮೇಲೆ ಇಟ್ಟಿಗೆ ಹೊತ್ತು ಹಲಗೆ ಹತ್ತುವುದು ಕಂಡಿತು. ಕತ್ತು ತಿರುಗಿಸುವಂತಿರಲಿಲ್ಲ. ನನ್ನನ್ನು ನೋಡಲಿಲ್ಲ. ನಾನೂ ಕೂಗಲಿಲ್ಲ.

ಬ್ಯಾಂಕಿಗೆ ಮರಳುವಾಗ ಆಟೊದಲ್ಲಿ ನನ್ನದೇ ಮೊದಲ ವರ್ಷ ನೆನಪಾಯಿತು. ನಿಮಗೆ ಈ ತನಕ ಹೇಳಿಲ್ಲ. ಹೊಸದಾಗಿ ಸೇರಿದ್ದೆ. ಸಂಜೆ ಬಾಗಿಲು ಹಾಕುವ ಗಡಿಬಿಡಿಯಲ್ಲಿ ಹಿರಿಯ ಗ್ರಾಹಕರೊಬ್ಬರನ್ನು ಲಾಕರ್ ಕೋಣೆಯ ಒಳಗೇ ಬಿಟ್ಟು ಬೀಗ ಜಡಿದಿದ್ದೆ. ಹೌದು, ಮನುಷ್ಯರನ್ನು. ಇಪ್ಪತ್ತು ನಿಮಿಷ. ಬೀಗ ತೆಗೆದಾಗ ಅವರು ತಮ್ಮ ಪತ್ನಿಯ ಬೋರಮಾಳ ಸರ ಕೈಯಲ್ಲಿ ಹಿಡಿದು ಶಾಂತವಾಗಿ ಕೂತಿದ್ದರು. ನನಗೆ ಅಳು. ಮ್ಯಾನೇಜರು ಅವರಿಗೆ ಚಹಾ ತರಿಸಿದರು, ನನಗೂ ತರಿಸಿದರು. ಮರುದಿನ ಲಾಕರಿನ ಬೀಗದ ಕೈ ಮತ್ತೆ ನನಗೇ ಕೊಟ್ಟು, “ಇವತ್ತ ಒಳಗ ಒಮ್ಮೆ ಹಣಿಕಿ ಹಾಕಿ ಬಾಗಿಲ ಹಾಕ್ರಿ” ಅಂದರು. ಅಷ್ಟೇ.

ಅವರು ಅಂದು ಬೇರೆಯವರಿಗೆ ಬೀಗದ ಕೈ ಕೊಟ್ಟಿದ್ದರೆ?

ಮುಂದಿನ ಭಾನುವಾರ ಮಹಾದೇವಿ ನಾಲ್ಕು ಬಾಯಿಯ ಡಬ್ಬಿ ತಂದಳು. ಈಗ ಮೇಲಿನಿಂದ ಇನ್ನೆರಡು ಹೊಸ ವೈರು ಇಳಿಯಬೇಕಿತ್ತು. ಗೋಡೆಯೊಳಗೆ ಕಾಕು ಅವರ ಯಜಮಾನರ ಕಾಲದ ಪೈಪು ಇತ್ತು, ಅದರೊಳಗೆ ಆಂಟೆನಾದ ಹಳೇ ವೈರು. ಹಳೆಯದರ ತುದಿಗೆ ಹೊಸದನ್ನು ಕಟ್ಟಿ ಕೆಳಗಿನಿಂದ ಎಳೆದರೆ ಗೋಡೆ ಒಡೆಯದೆ ಕೆಲಸ ಆಗುತ್ತದೆ. ಆದರೆ ಹಳೆಯದು ಹೊರಗೆ ಬಂದುಬಿಡುತ್ತದೆ. ಮಹಾದೇವಿ ಎಳೆಯುವ ಮೊದಲು ಕಾಕು ಮುಖ ನೋಡಿದಳು.

ಕಾಕು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಾವೇ ತುದಿ ಹಿಡಿದರು. “ಓಢ್” ಎಂದರು. ಎಳಿ. ಇಬ್ಬರೂ ಎಳೆದರು. ಮೇಲೆ ಶರಣಪ್ಪ ಹೊಸ ವೈರು ಬಿಡುತ್ತಿದ್ದ. ಗೋಡೆಯೊಳಗೆ ಸರಸರ ಸದ್ದು. ಹಳೆಯ ವೈರು ಧೂಳಿನೊಂದಿಗೆ ಹೊರಬಂದು ನೆಲದ ಮೇಲೆ ಸುರುಳಿಯಾಯಿತು, ಅದರ ಹಿಂದೆಯೇ ಹೊಸದು. ಕಾಕು ಹಳೆಯದನ್ನು ಒರೆಸಿ ಕಪಾಟಿನಲ್ಲಿಟ್ಟರು. ಏಣಿಯ ಬುಡಕ್ಕೆ ಹೋಗಿ ಮೂರು ಮೆಟ್ಟಿಲು ಹತ್ತಿಯೂ ನೋಡಿದರು. ಯಾರೂ ಬೇಡ ಅನ್ನಲಿಲ್ಲ. ನಾಲ್ಕನೆಯದಕ್ಕೆ ಅವರೇ ಇಳಿದರು.

ಈಗ ಮೂರೂ ಟಿವಿ ತಮ್ಮ ತಮ್ಮ ಪಾಡಿಗೆ ನಡೆಯುತ್ತಿವೆ. ಕಾಕು ಮಲಗುತ್ತಾರೆ, ಅಪ್ಪ ಸುದ್ದಿ ನೋಡುತ್ತಾರೆ. ಮಹಾದೇವಿಯ ಹದಿನೈದು ದಿನದ ಟ್ರಯಲ್ ಮುಗಿದು ಆಮೇಲೂ ಅವಳು ಗ್ಯಾಂಗಿನಲ್ಲಿದ್ದಾಳೆ. ಎಲ್ಲ ಸಲೀಸಾಗಿದೆ ಅಂತಲ್ಲ. ಕೆಲವರು ಇನ್ನೂ ‘ಏ ಬಾಈ’ ಎಂದೇ ಕರೆಯುತ್ತಾರಂತೆ, ಚಹಾ ತರಲು ಅವಳನ್ನೇ ಕಳಿಸುತ್ತಾರಂತೆ. “ತರ್ತೀನ್ರಿ. ತಂದು ನನ್ನ ಬೋರ್ಡ್ ಪೂರಾ ಮಾಡ್ತೀನಿ” ಅಂದಳು. ಕಳೆದ ವಾರ ಬ್ಯಾಂಕಿಗೆ ಬಂದಾಗ ಕತ್ತು ಎರಡೂ ಕಡೆ ತಿರುಗಿಸಿ ತೋರಿಸಿದಳು. ಕಾಕು ತಮ್ಮ ಭಜನಾ ಮಂಡಳಿಯಲ್ಲಿ ಅವಳ ನಂಬರು ಹಂಚಿದ್ದಾರೆ. ಎರಡು ಮನೆಯ ಕೆಲಸ ಸಿಕ್ಕಿದೆ. ನಾಸಿಕ್‌ನ ‘ಪ್ರೊಫೆಶನಲ್’ ಪತಿರಾಯರು ಕೂಡ ತಮ್ಮ ಬಾಡಿಗೆ ಮನೆಯ ಗೀಸರ್ ಸ್ವಿಚ್ ಸುಡುತ್ತಿದೆ, ಏನು ಮಾಡಲಿ, ಅವಳನ್ನೇ ಕೇಳಿ ಹೇಳು ಎಂದು ಮೊನ್ನೆ ಫೋನ್ ಮಾಡಿದ್ದರು.

ಆ ಎರಡು ಮನೆಯಲ್ಲಿ ಒಬ್ಬರು, ಭಜನಾ ಮಂಡಳಿಯ ಹೆಂಗಸು, ನನ್ನನ್ನು ದಾರಿಯಲ್ಲಿ ನಿಲ್ಲಿಸಿ ವಿಚಾರಿಸಿದರು. ಕೆಲಸ ಹೇಗೆ ಮಾಡುತ್ತಾಳೆ, ಅನುಭವ ಇದೆಯಾ?

“ತಪ್ಪಾದರೆ ಅವಳಿಗೇ ಫೋನ್ ಮಾಡಿ” ಅಂದೆ.

ಅವರಿಗೆ ಆ ಉತ್ತರ ಅಷ್ಟೇನೂ ಸಮಾಧಾನ ಕೊಟ್ಟಂತೆ ಕಾಣಲಿಲ್ಲ. ಆದರೆ ಯೋಚಿಸಿ ನೋಡಿ. ಎಲ್ಲರೂ ಅನುಭವ ಇದ್ದವರನ್ನೇ ಕರೆದರೆ, ಆ ಅನುಭವ ಯಾರ ಮನೆ ತಾರಸಿಯ ಮೇಲೆ ಹುಟ್ಟಬೇಕು?